ಹೊಲಿಗೆ ಮುಗಿಯದ ಬಾವುಟ

ಜನವರಿ 9

ಮಾನ್ಯ ಕ್ಯಾಪ್ಟನ್ ಸಾಹೇಬರಿಗೆ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ, ದಯವಿಟ್ಟು ಕ್ಷಮಿಸಬೇಕು. ನಾಲ್ಕನೇ ತರಗತಿ ಮುಗಿಸಿ ಸೂಜಿ ಹಿಡಿದವಳು ನಾನು. ಆಮೇಲೆ ಪೆನ್ನು ಹಿಡಿದದ್ದು ಹಾಜರಿಗೆ ಸಹಿ ಹಾಕುವುದಕ್ಕೆ ಮಾತ್ರ.

ನಾನು ನೌಕಾನೆಲೆಯ ಬಾವುಟದ ಕೋಣೆಯಲ್ಲಿ ಹೊಲಿಗೆಯವಳು. ಹಡಗುಗಳಿಗೆ ಬೇಕಾದ ಬಾವುಟಗಳನ್ನೆಲ್ಲ ಇಲ್ಲೇ ಹೊಲಿಯುತ್ತೇವೆ. ನಮಗೆ ಮೇಲಿನವರು ದೊಡ್ಡಮ್ಮ. ಅವರು ಸಂಬಂಧದಲ್ಲಿ ಯಾರಿಗೂ ದೊಡ್ಡಮ್ಮ ಅಲ್ಲ, ಆದರೆ ಇಡೀ ನೆಲೆಯೇ ಹಾಗೆ ಕರೆಯುತ್ತದೆ. "ನೀನೇ ಬರಿಯೇ. ನನ್ನ ಕನ್ನಡಕಕ್ಕೆ ಬಟ್ಟೆ ಕಾಣುತ್ತೆ, ಕಾಗದ ಕಾಣಲ್ಲ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ನೀವು ಕ್ಯಾಪ್ಟನ್ ಆಗಿದ್ದ ಹಡಗು, ಈಗ ನಾವೆಲ್ಲ ಅಜ್ಜಿ ಅಂತ ಕರೆಯುವ ಹಡಗು, ಈ ವರ್ಷ ಸೇವೆಯಿಂದ ಬಿಡುಗಡೆಯಾಗುತ್ತದೆ. ಕೊನೆಯ ಸಲ ಬಂದರು ಬಿಟ್ಟು ಹೊರಡುವಾಗ ಕಂಬದ ತುದಿಗೆ ಏರಿಸುವ ಉದ್ದ ಬಾವುಟವನ್ನು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದು ನನ್ನ ಮೊದಲ ಉದ್ದ ಬಾವುಟ. ಹಡಗು ಎಷ್ಟು ಕಾಲ ದುಡಿದಿದೆಯೋ ಬಾವುಟ ಅಷ್ಟು ಉದ್ದ ಇರಬೇಕಂತೆ. ಅಜ್ಜಿ ತುಂಬಾ ದುಡಿದಿದ್ದಾಳೆ. ಬಾವುಟ ನಮ್ಮ ಕೋಣೆಯಲ್ಲಿ ಹಿಡಿಸುತ್ತಿಲ್ಲ.

ನಮ್ಮ ಕೋಣೆಯ ರೂಢಿ ತಮಗೆ ಗೊತ್ತೇ ಇದೆಯಂತೆ. ಆ ಹಡಗನ್ನು ನಡೆಸಿದ ಒಬ್ಬೊಬ್ಬ ಕ್ಯಾಪ್ಟನ್ನರೂ ಅದರ ಮೇಲೆ ತೊಟ್ಟಿದ್ದ ಬಟ್ಟೆಯಲ್ಲಿ ಒಂದು ಗೇಣು ಕೊಡಬೇಕು. ಬಾವುಟವನ್ನು ಹಗ್ಗಕ್ಕೆ ಕಟ್ಟುವ ಕಡೆಯ ಅಂಚಿನಲ್ಲಿ ಆ ತುಂಡುಗಳನ್ನು ಒಳಗಿಟ್ಟು ಹೊಲಿಯುತ್ತೇವೆ. ಹೊರಗೆ ಯಾರಿಗೂ ಕಾಣುವುದಿಲ್ಲ. ಎಲ್ಲರದೂ ಬರುವ ತನಕ ಅಂಚು ಮುಚ್ಚುವುದಿಲ್ಲ. ಉಳಿದ ಕ್ಯಾಪ್ಟನ್ನರು ತೀರಿಹೋಗಿದ್ದಾರೆ, ಅವರ ಮನೆಯವರು ಕಳಿಸಿದ್ದಾರೆ. ಒಬ್ಬರದು ಕಾಲರ್, ಒಬ್ಬರದು ಮಫ್ಲರ್, ಒಬ್ಬರದು ಕಾಲುಚೀಲ. ಅದನ್ನು ನೋಡಿ ದೊಡ್ಡಮ್ಮ "ಒಗೆದು ಕಳಿಸಿದ್ದಾರಲ್ಲ, ದೊಡ್ಡ ಮನಸ್ಸು" ಅಂದರು. ಇನ್ನು ಬರಬೇಕಾದದ್ದು ತಮ್ಮದೊಂದೇ.

ತಪ್ಪು ಬರೆದಿದ್ದರೆ ಮತ್ತೊಮ್ಮೆ ಕ್ಷಮೆ ಇರಲಿ.

ಇಂತಿ,
ಬಾವುಟದ ಕೋಣೆಯ ಹೊಲಿಗೆಯವಳು


ಜನವರಿ 24

ಬಾವುಟದ ಕೋಣೆಯ ಹುಡುಗಿಗೆ ಆಶೀರ್ವಾದಗಳು.

ನಿನ್ನ ಅಕ್ಷರಕ್ಕೇನೂ ಆಗಿಲ್ಲ. ನನ್ನ ಕೈಕೆಳಗೆ ಒಬ್ಬ ಲೆಫ್ಟಿನೆಂಟ್ ಇದ್ದ. ಅವನು ಬರೆದದ್ದನ್ನು ಓದಲು ಅವನನ್ನೇ ಕರೆಸಬೇಕಾಗಿತ್ತು, ಬಂದರೆ ಅವನಿಗೂ ಓದಲು ಬರುತ್ತಿರಲಿಲ್ಲ.

ಕ್ಯಾಪ್ಟನ್ ಅಂತ ಬರೆದೆಯಲ್ಲ, ಸಂತೋಷವಾಯಿತು. ನಿವೃತ್ತಿಯ ಹೊತ್ತಿಗೆ ಅದಕ್ಕಿಂತ ದೊಡ್ಡ ಪದವಿ ಕೊಟ್ಟಿದ್ದರು, ಆದರೆ ಅದು ಮೇಜು ಕುರ್ಚಿಯ ಪದವಿ. ನೀರಿನ ಮೇಲೆ ನಾನು ಕ್ಯಾಪ್ಟನ್ನೇ.

ಅಜ್ಜಿಯಂತೆ! ಕ್ಯಾಪ್ಟನ್ ಆಗುವುದಕ್ಕೆ ಎಷ್ಟೋ ಮೊದಲು, ಎಳೆಯ ಅಧಿಕಾರಿಯಾಗಿ ನಾನು ಅವಳನ್ನು ಹತ್ತಿದ ದಿನ ಹಸಿ ಬಣ್ಣ ಅಂಗೈಗೆ ಮೆತ್ತಿಕೊಂಡಿತ್ತು. ಅದು ಅವಳಿಗೂ ಮೊದಲ ಯಾನ, ನನಗೂ. ಇಬ್ಬರೂ ಎಳೆಯರು, ಇಬ್ಬರಿಗೂ ಅಲೆಗೆ ಹೇಗೆ ಬಾಗಬೇಕು ಅಂತ ಗೊತ್ತಿರಲಿಲ್ಲ. ಅವಳು ಬೇಗ ಕಲಿತಳು, ನಾನು ಮೂಲೆಯಲ್ಲಿ ಬಕೆಟ್ಟು ಅಪ್ಪಿಕೊಂಡು ಕೂತಿದ್ದೆ.

ಬಟ್ಟೆ ಸದ್ಯಕ್ಕೆ ಸಿಗುತ್ತಿಲ್ಲ. ಮಗಳ ಮನೆಗೆ ಬರುವಾಗ ಟ್ರಂಕುಗಳು ಎಲ್ಲೆಲ್ಲೋ ಸೇರಿಹೋದವು. ಹುಡುಕಿಸುತ್ತೇನೆ, ಅವಸರ ಮಾಡಬೇಡ. ನನ್ನ ಲೆಕ್ಕ ಸರಿ ತಾನೇ ಹೇಳು: ಅಂಚು ಮುಚ್ಚದೆ ಬಾವುಟ ಏರಿಸುವಂತಿಲ್ಲ, ಬಾವುಟ ಏರದೆ ಹಡಗು ಹೊರಡುವಂತಿಲ್ಲ. ರೂಢಿ ಬದಲಾಗಿಲ್ಲ ತಾನೇ? ತಿಳಿಸು.

ಕ್ಯಾಪ್ಟನ್


ಫೆಬ್ರವರಿ 12

ಸಾಹೇಬರೇ,

ನಿಮ್ಮ ಪತ್ರವನ್ನು ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಕೆಟ್ಟಿನ ಕಡೆ ಬಂದಾಗ ದೊಡ್ಡಮ್ಮ ನಕ್ಕು ಕೆಮ್ಮು ಹತ್ತಿಸಿಕೊಂಡರು. "ಹುಡುಕಿಸ್ತಾರಂತೆ, ಹುಡುಕಿಸ್ತಾರೆ! ಅವರು ಕೊಡೋ ಪೈಕಿ ಅಲ್ಲ ಕಣೇ. ಹಡಗು ಹೋಗಬಾರದು ಅಂತ ಬಟ್ಟೆ ಬಚ್ಚಿಟ್ಟುಕೊಂಡಿದ್ದಾರೆ" ಅಂದರು. ದೊಡ್ಡಮ್ಮ ತಮಾಷೆಗೆ ಹಾಗೆ ಹೇಳಿದ್ದು, ನೀವು ಬೇಸರ ಮಾಡಿಕೊಳ್ಳಬಾರದು.

ರೂಢಿ ಬದಲಾಗಿಲ್ಲ. ಅಂಚು ತೆರೆದೇ ಇದೆ.

ಬಾವುಟ ದಿನ ದಿನ ಬೆಳೆಯುತ್ತಿದೆ. ಮೇಜಿನಿಂದ ಇಳಿದು, ಬೆಂಚಿನ ಕೆಳಗೆ ಹಾದು, ಬಾಗಿಲ ತನಕ ಹೋಗಿ ಅಲ್ಲಿಂದ ಮಡಿಸಿಕೊಂಡು ಹಿಂದಕ್ಕೆ ಬರುತ್ತದೆ. ನಾವು ನಿದ್ದೆ ಮಾಡುವ ಮಗುವನ್ನು ದಾಟುವ ಹಾಗೆ ದಾಟಿ ಓಡಾಡುತ್ತೇವೆ. ಇಷ್ಟು ಹೊಲಿದರೂ ಇದು ಪೂರ್ತಿ ಹೇಗೆ ಕಾಣುತ್ತದೆ ಅಂತ ನನಗೆ ಗೊತ್ತಿಲ್ಲ. ಬಿಚ್ಚಿ ನೋಡುವಷ್ಟು ಉದ್ದದ ಜಾಗ ಇಡೀ ನೆಲೆಯಲ್ಲಿಲ್ಲ. ಮೊನ್ನೆ ಕನಸಿನಲ್ಲಿ ಅದು ನಮ್ಮ ಬೀದಿಯಲ್ಲಿ ಮನೆಗಳ ಮೇಲೆ ಹಾರಿಕೊಂಡು ಹೋಗುತ್ತಿತ್ತು. ಅಮ್ಮ ಮಾಳಿಗೆಯಲ್ಲಿ ಒಣಹಾಕಿದ್ದ ಬಟ್ಟೆಗಳೂ ಅದರ ಹಿಂದೆ ಹೊರಟವು. ನಾನು ಕೆಳಗೆ ಓಡುತ್ತಾ "ನನ್ನ ಸೂಜಿ ಅದರಲ್ಲೇ ಇದೆ" ಅಂತ ಕೂಗುತ್ತಿದ್ದೆ.

ಇದನ್ನೆಲ್ಲ ನಿಮಗೆ ಯಾಕೆ ಬರೆದೆನೋ. ಬಟ್ಟೆ ಸಿಕ್ಕರೆ ಕಳಿಸಿ.


ಮಾರ್ಚ್ 2

ಹುಡುಗಿ,

ಬಟ್ಟೆ ಸಿಕ್ಕಿತು. ಇದರೊಂದಿಗೆ ಕಳಿಸಿದ್ದೇನೆ.

ಕ್ಯಾಪ್ಟನ್


ಮಾರ್ಚ್ 10

ಸಾಹೇಬರೇ,

ಹೇಗೆ ಬರೆಯಬೇಕು ಗೊತ್ತಾಗುತ್ತಿಲ್ಲ. ನೀವು ಕಳಿಸಿದ ಬಟ್ಟೆಯ ತುಂಬಾ ಗುಲಾಬಿ ಹೂವುಗಳಿವೆ. ಮೂಲೆಯಲ್ಲಿ ಒಂದು ಚಿಟ್ಟೆಯೂ ಇದೆ. ಇದನ್ನು ನೀವು ಯುದ್ಧದ ಹಡಗಿನ ಮೇಲೆ ತೊಟ್ಟಿದ್ದಿರಾ ಅಂತ ಕೇಳಲು ನನಗೆ ನಾಚಿಕೆ. ದೊಡ್ಡಮ್ಮನಿಗೆ ಅಂಥ ನಾಚಿಕೆ ಇಲ್ಲ. ಅದನ್ನು ಎದೆಗೆ ಹಿಡಿದುಕೊಂಡು ಕೋಣೆಯ ತುಂಬಾ ಕವಾಯತು ಮಾಡಿದರು. "ಶತ್ರುಗಳು ಇದನ್ನ ನೋಡೇ ಓಡಿಹೋಗಿರಬೇಕು" ಅಂದರು.

ಬಟ್ಟೆ ಹಿಂದಕ್ಕೆ ಕಳಿಸಿದ್ದೇನೆ. ನಿಮ್ಮ ಮಗಳು ಹುಡುಕುತ್ತಿರಬಹುದು.


ಮಾರ್ಚ್ 19

ಹುಡುಗಿ,

ಮಗಳು ಹುಡುಕುತ್ತಲೇ ಇದ್ದಳು. ಅದು ಅವಳ ಅಡುಗೆಮನೆಯ ಕಿಟಕಿ ಪರದೆ. "ಅಪ್ಪಾ, ನಿಮಗೆ ಪದಕ ಕೊಟ್ಟವರು ಈಗ ಬಂದು ನೋಡಬೇಕು, ಪರದೆ ಕತ್ತರಿಸೋ ವೀರನ್ನ" ಅಂದಳು. ಈ ಮನೆಯಲ್ಲಿ ನನ್ನ ಆಜ್ಞೆ ಬೆಕ್ಕಿನ ಮೇಲೂ ನಡೆಯುವುದಿಲ್ಲ. ನೀನೂ ಸಾಹೇಬ ಅನ್ನುವುದನ್ನು ಬಿಡು. ತಾತ ಅನ್ನು.

ನಿಮ್ಮ ದೊಡ್ಡಮ್ಮ ಹೇಳಿದ್ದು ತಮಾಷೆಯಲ್ಲ, ನಿಜ. ನನ್ನ ತುಂಡು ನನ್ನ ಹತ್ತಿರ ಇರುವ ತನಕ ಅವಳು ಬಂದರಿನಲ್ಲೇ ಇರುತ್ತಾಳೆ. ಹೊರಟ ಮೇಲೆ ಅವಳನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಹಳೆಯ ಹಡಗು ಒಡೆದು ಕಬ್ಬಿಣ ಕತ್ತರಿಸುವವರ ಕಡಲತೀರಕ್ಕೆ. ಸಮುದ್ರದಲ್ಲಿ ಒಂದು ಪಾಠ ಕಲಿತಿದ್ದೇನೆ: ಬಿರುಗಾಳಿಯನ್ನು ಸೋಲಿಸಲು ಆಗುವುದಿಲ್ಲ, ಆದರೆ ಅದಕ್ಕೆ ಬೇಸರವಾಗುವ ತನಕ ತಡೆದು ನಿಲ್ಲಬಹುದು.

ಇಲ್ಲಿ ಎತ್ತರದ ಊರು, ಕೆರೆಯೂ ಇಲ್ಲ. ಬೆಳಗ್ಗೆ ಕಣಿವೆಯಲ್ಲಿ ಮಂಜು ತುಂಬಿ ಕೆಳಗಿನ ಮನೆಗಳ ಹೆಂಚು ಮಾತ್ರ ಕಾಣುತ್ತದೆ, ದ್ವೀಪಗಳ ಹಾಗೆ. ನಾನು ಮಹಡಿಯ ಕಟಾಂಜನ ಹಿಡಿದು ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಮನೆ ಮೆಲ್ಲಗೆ ಹೊರಡುತ್ತದೆ. ಎಡಕ್ಕೆ ತಿರುಗಿಸಿ, ಹಾಲಿನವನ ಅಂಗಡಿ ಬಳಸಿ, ಶಾಲೆಯ ಗಂಟೆಗೋಪುರ ಬಲಕ್ಕೆ ಬಿಟ್ಟು ಹೊರಗಿನ ನೀರಿಗೆ ತರುತ್ತೇನೆ. ಅಷ್ಟರಲ್ಲಿ ಮಗಳು "ಕಾಫಿ ಆರ್ತಾ ಇದೆ" ಅಂತ ಕೂಗಿ ಇಡೀ ಹಡಗನ್ನು ದಡಕ್ಕೆ ಹತ್ತಿಸಿಬಿಡುತ್ತಾಳೆ.

ನೀನು ಹೊಲಿಗೆಯವಳಾದ್ದರಿಂದ ಒಂದು ಕಥೆ. ತರಬೇತಿಯಲ್ಲಿ ಜೇಬಿಗೆ ಕೈ ಹಾಕುವುದು ದೊಡ್ಡ ಅಪರಾಧ. ನನಗೋ ಅದೇ ಚಟ. ಬೈದರು, ಓಡಿಸಿದರು, ಬಿಡಲಿಲ್ಲ. ಕೊನೆಗೆ ದರ್ಜಿಯನ್ನು ಕರೆಸಿ ನನ್ನ ಜೇಬುಗಳನ್ನೆಲ್ಲ ಹೊಲಿಸಿಬಿಟ್ಟರು. ತರಬೇತಿ ಮುಗಿಯುವ ತನಕ ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯದೆ ಬೇರೆಯವರ ಕೈಗಳ ಹಾಗೆ ಹೊತ್ತು ತಿರುಗಿದೆ.

ಅಂಚು ತೆರೆದೇ ಇರಲಿ.

ತಾತ


ಏಪ್ರಿಲ್ 3

ತಾತ,

ಹಾಗೆ ಬರೆಯಲು ಕೈ ಹಿಂಜರಿಯಿತು, ಆದರೂ ಬರೆದೆ.

ಜೇಬಿನ ಕಥೆಗೆ ನಮ್ಮವರೆಲ್ಲ ತುಂಬಾ ನಕ್ಕರು. ಜೇಬು ಹೊಲಿಯುವುದು ಸುಲಭ, ಬಿಚ್ಚಿದ ಮೇಲೆ ಹಳೆಯ ರೂಪಕ್ಕೆ ತರುವುದೇ ಕಷ್ಟ ಅಂತ ದೊಡ್ಡಮ್ಮ ಹೇಳಿದರು. ನಿಮಗೆ ಪದಕ ಬಂದದ್ದು ಯಾತಕ್ಕೆ ಅಂತ ಕೇಳಬಹುದಾ? ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಂಕಿಯೊಳಗೆ ಹಡಗು ನುಗ್ಗಿಸಿದಿರಂತೆ. ನಗುತ್ತಾ ನಿಂತಿದ್ದಿರಂತೆ.

ಇಲ್ಲಿ ಎಲ್ಲ ಮಾಮೂಲು. ಕಡಲಹಕ್ಕಿಗಳು ಮೊಟ್ಟೆ ಇಡಲು ನಮ್ಮ ಮಾಡಿನ ಮೇಲೆ ಬಂದಿವೆ, ದಿನವಿಡೀ ಜಗಳ. ಬಾವುಟದ ಬಾಲದ ತುದಿಗೆ ಚಿನ್ನದ ಬಣ್ಣದ ಟೊಳ್ಳು ಬುರುಡೆಗಳನ್ನು ಕಟ್ಟುತ್ತಿದ್ದೇನೆ. ನೀರಿಗೆ ಬಿದ್ದರೂ ತೇಲಲಿ ಅಂತ. ನಿನ್ನೆ ಉಗ್ರಾಣದ ಸಾಹೇಬರು ಬಂದಿದ್ದರು. ಅವರಿಗೆ ಎಲ್ಲವೂ ತುರ್ತು, ಅದಕ್ಕೆ ನಾವು ತುರ್ತು ಸಾಹೇಬ ಅಂತಲೇ ಕರೆಯುವುದು. ಬಾವುಟದ ಅಳತೆ ಬರೆದುಕೊಂಡು ಹೋದರು. ಅದು ಇರಲಿ.

ಅಂಚು ತೆರೆದೇ ಇದೆ.


ಏಪ್ರಿಲ್ 15

ಮಗೂ,

ನೋಡಿದೆಯಾ, ಬೇಸಿಗೆ ಬಂದೇ ಬಿಟ್ಟಿತು, ಅವಳು ಇನ್ನೂ ಅಲ್ಲೇ ಇದ್ದಾಳೆ. ನಾವು ಗೆಲ್ಲುತ್ತಿದ್ದೇವೆ. ನೀನು ಅಲ್ಲಿಂದ ಹಿಡಿದುಕೊ, ನಾನು ಇಲ್ಲಿಂದ ಹಿಡಿದುಕೊಳ್ಳುತ್ತೇನೆ.

ಪದಕದ ವಿಷಯ. ಮಂಜಿನ ಬೆಳಗು. ಜನ ತುಂಬಿದ ಒಂದು ಪ್ರಯಾಣಿಕರ ಹಡಗಿಗೆ ಬೆಂಕಿ ಬಿದ್ದಿತ್ತು. ದೋಣಿ ಇಳಿಸಿದರೆ ಮಂಜಿನಲ್ಲಿ ಕಳೆದುಹೋಗುತ್ತವೆ. ಪಕ್ಕಕ್ಕೆ ಪಕ್ಕ ತಾಗಿಸಿ ನಿಲ್ಲಿಸುವುದೊಂದೇ ದಾರಿ, ಆದರೆ ನಮ್ಮ ಹೊಟ್ಟೆಯ ತುಂಬಾ ಮದ್ದುಗುಂಡು. ತಾಗಿಸಿದೆ. ಅವಳ ಮೈಯ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ಜನ ದಾಟುತ್ತಿದ್ದರು, ಕೆಲವರು ಹಕ್ಕಿಪಂಜರ ಹಿಡಿದುಕೊಂಡು, ಒಬ್ಬಳು ಹೊಲಿಗೆ ಯಂತ್ರ ಹೊತ್ತುಕೊಂಡು. ಮಂಜು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಸದ್ದೆಲ್ಲ ದೂರದಿಂದ, ಹತ್ತಿಯ ಒಳಗಿಂದ ಬಂದ ಹಾಗೆ ಕೇಳುತ್ತಿತ್ತು.

ಪತ್ರಿಕೆಯವರು ಬರೆದರು: ಕ್ಯಾಪ್ಟನ್ ಜೇಬಿನಲ್ಲಿ ಕೈಯಿಟ್ಟು ಸಂಜೆಯ ವಿಹಾರಕ್ಕೆ ಬಂದವರಂತೆ ನಿರಾಳವಾಗಿ ನಿಂತಿದ್ದರು. ಕೈ ಜೇಬಿನಲ್ಲಿತ್ತು, ನಿಜ. ಹೊರಗೆ ತೆಗೆದರೆ ಅದು ನಡುಗುವುದು ಚುಕ್ಕಾಣಿ ಹಿಡಿದವನಿಗೆ ಕಾಣುತ್ತಿತ್ತು. ಕೊನೆಯ ಮನುಷ್ಯ ದಾಟುವ ತನಕ ಜೇಬಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ನಿಂತಿದ್ದೆ. ಪದಕ ಚುಚ್ಚುವ ದಿನ ನನ್ನಾಕೆ ಮುಂದಿನ ಸಾಲಿನಲ್ಲಿದ್ದಳು. ಮನೆಗೆ ಬಂದ ಮೇಲೆ "ಜೇಬಿಗೂ ಒಂದು ಕೊಡಬೇಕಿತ್ತು ಅಲ್ವಾ" ಅಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ತುರ್ತು ಸಾಹೇಬರ ವಿಷಯ ಬರೆದು "ಇರಲಿ" ಅಂದೆಯಲ್ಲ, ಯಾಕೆ? ಅಳತೆ ತೆಗೆದುಕೊಂಡರೆ ತೆಗೆದುಕೊಳ್ಳಲಿ. ಉಗ್ರಾಣದವರು ಉಸಿರಾಡಿದ್ದನ್ನೂ ಅಳೆಯುತ್ತಾರೆ.

ತಾತ


ಮೇ 21

ತಾತ,

ಇಷ್ಟು ದಿನ ನಾನು ಬರೆಯಲಿಲ್ಲ. ಬರೆಯಲು ಕೂತರೆ ಹಕ್ಕಿ, ಹವಾಮಾನ, ಇಂಥದ್ದೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಈ ಸಲ ಹರಿಯುವುದಿಲ್ಲ.

ತುರ್ತು ಸಾಹೇಬರು ಅಳತೆ ತೆಗೆದುಕೊಂಡದ್ದು ಹೊರಗಿನ ಕಾರ್ಖಾನೆಯಲ್ಲಿ ಇನ್ನೊಂದು ಬಾವುಟ ಮಾಡಿಸಲು. ಅದು ಬಂದಾಯಿತು. ಯಂತ್ರದ್ದು, ಪ್ಲಾಸ್ಟಿಕ್ ಚೀಲದಲ್ಲಿದೆ. ಜೂನ್ ಕೊನೆಯ ವಾರ ಹಡಗು ಹೊರಡುತ್ತದೆ. ನಮ್ಮ ಅಂಚು ಮುಚ್ಚಲಿ, ಬಿಡಲಿ, ಅವಳು ಹೊರಡುತ್ತಾಳೆ. ಅಂಚು ಮುಚ್ಚದಿದ್ದರೆ ಚೀಲದ ಬಾವುಟ ಏರುತ್ತದೆ. ಅದರೊಳಗೆ ಯಾರ ಬಟ್ಟೆಯೂ ಇಲ್ಲ.

ನಾನು ಆ ಸಾಹೇಬರ ಹತ್ತಿರ ಹೋಗಿದ್ದೆ. ದೊಡ್ಡ ಅಧಿಕಾರಿಗಳ ಮುಂದೆ ನನಗೆ ಬಾಯಿ ಬರುವುದಿಲ್ಲ. ಬಾಗಿಲಲ್ಲಿ ನಿಂತೇ ಇದ್ದೆ. "ಏನಮ್ಮಾ, ಕಂಬ ಆಗಿಬಿಟ್ಟೆಯಾ? ಬೇಗ ಹೇಳು, ತುರ್ತು ಕೆಲಸ ಇದೆ" ಅಂದರು. "ಕ್ಯಾಪ್ಟನ್ ತಾತಂದು ಬಂದಿಲ್ಲ ಸಾರ್" ಅಂದೆ. "ಯಾರ ತಾತ?" ಅಂದರು. ಎಲ್ಲವನ್ನೂ ಹೇಳಿದೆ, ಹೇಗೆ ಹೇಳಿದೆನೋ ಗೊತ್ತಿಲ್ಲ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮಾ, ಬಂದ್ರೆ ನಿಂದೇ ಏರಿಸ್ತೀನಿ, ಮಾತು ಕೊಡ್ತೀನಿ. ಬರದಿದ್ರೆ ಹಡಗನ್ನ ಬರಿ ತಲೇಲಿ ಕಳಿಸೋಕೆ ಆಗುತ್ತಾ?" ಅಂದರು.

ಏಪ್ರಿಲ್‌ನಲ್ಲೇ ಹೇಳಬೇಕಿತ್ತು. ಹೇಳದೆ ಇದ್ದದ್ದು ನಿಮಗೆ ನೋವಾಗುತ್ತದೆ ಅಂತ ಮಾತ್ರ ಅಲ್ಲ. ಬಟ್ಟೆ ಬಂದರೆ ಪತ್ರ ನಿಲ್ಲುತ್ತದೆ ಅಂತ ನನಗೂ ಒಳಗೊಳಗೇ ಇತ್ತು. ನನಗೆ ಯಾರೂ ಇಷ್ಟು ಪತ್ರ ಬರೆದಿಲ್ಲ.

ನೀವು ಹಿಡಿದುಕೊಂಡ ಕಡೆ ಹಗ್ಗ ಇಲ್ಲ ತಾತ. ಅವಳನ್ನು ನಿಲ್ಲಿಸಲು ಆಗುವುದಿಲ್ಲ. ಅವಳ ಜೊತೆ ಹೋಗುವುದು ಬಿಡುವುದು ಮಾತ್ರ ನಿಮ್ಮ ಕೈಯಲ್ಲಿದೆ.


ಜೂನ್ 13

ಮಗೂ,

ನಿನ್ನ ಪತ್ರ ಬಂದ ಮೇಲೆ ಕೆಲವು ದಿನ ಮಹಡಿ ಹತ್ತಲಿಲ್ಲ. ಮಗಳು ಡಾಕ್ಟರನ್ನೂ ಕರೆಸಿದಳು. ಅವನು ನಾಲಿಗೆ ನೋಡಿ ಹೋದ.

ಸಿಟ್ಟು ನಿನ್ನ ಮೇಲಲ್ಲ. ಮೊದಲು ತುರ್ತು ಸಾಹೇಬರ ಮೇಲಿತ್ತು, ಆಮೇಲೆ ಪ್ಲಾಸ್ಟಿಕ್ ಚೀಲದ ಮೇಲೆ, ಕೊನೆಗೆ ಯಾರ ಮೇಲೆ ಇಡಬೇಕೋ ತಿಳಿಯದೆ ಸುಮ್ಮನೆ ಇಳಿದುಹೋಯಿತು. ನಿನ್ನೆ ಬೆಳಗ್ಗೆ ಮಹಡಿಯಲ್ಲಿ ನಿಂತಿದ್ದೆ. ಮಂಜು ಇತ್ತು. ಮನೆ ಹೊರಡಲಿಲ್ಲ. ಎಷ್ಟು ಹೊತ್ತು ಕಾದರೂ ಮನೆ ಮನೆಯಾಗಿಯೇ ಇತ್ತು. ಒಳಗೆ ಬಂದು ಕಾಫಿ ಬಿಸಿ ಇರುವಾಗಲೇ ಕುಡಿದೆ. ಮಗಳು ಗಾಬರಿಯಾದಳು.

ಟ್ರಂಕು ಎಲ್ಲೂ ಹೋಗಿರಲಿಲ್ಲ, ನನ್ನ ಮಂಚದ ಕೆಳಗೇ ಇತ್ತು. ಬೆಂಕಿಯ ಆ ಬೆಳಗ್ಗೆ ತೊಟ್ಟಿದ್ದ ಕೋಟನ್ನು ಪೂರ್ತಿ ಕಳಿಸುತ್ತಿದ್ದೇನೆ. ತೋಳಿನ ನಾಲ್ಕು ಚಿನ್ನದ ಪಟ್ಟಿ ಇರುವ ಕಡೆಯೇ ಕತ್ತರಿಸು. ಕೊಡುವುದಾದರೆ ಒಳ್ಳೆಯದನ್ನೇ ಕೊಡಬೇಕು. ಉಳಿದದ್ದನ್ನು ನೆಲ ಒರೆಸಲು ಇಟ್ಟುಕೊ.

ನಾನು ಬರುವುದಿಲ್ಲ. ಮೊಣಕಾಲು ಒಪ್ಪುವುದಿಲ್ಲ ಅಂತ ಮಗಳಿಗೆ ಹೇಳಿದ್ದೇನೆ. ನಿನಗೆ ಹೇಳುತ್ತೇನೆ, ನೋಡಲಾರೆ. ನೀನು ನೋಡಿ ನನಗೆ ಬರೆ. ಚಂದ ಮಾಡಿ ಬರೆಯಬೇಡ, ಆದದ್ದನ್ನು ಬರೆ.

ತಾತ


ಜೂನ್ 30

ತಾತ,

ಕೋಟು ಈ ಪತ್ರದ ಜೊತೆಗೇ ವಾಪಸು ಬರುತ್ತಿದೆ. ತೋಳು ಕತ್ತರಿಸಿಲ್ಲ. ಕತ್ತರಿ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ದೊಡ್ಡಮ್ಮ ಬಂದು "ಏನೇ, ಕೋಟಿಗೆ ಕ್ಷೌರ ಮಾಡೋಕೆ ಮುಹೂರ್ತ ನೋಡ್ತಿದ್ದೀಯಾ?" ಅಂದರು. ಆಗ ಜೇಬಿನೊಳಗೆ ಕೈ ಹಾಕಿ ನೋಡಿದೆ. ಬಲಗಡೆ ಜೇಬಿನ ಒಳಬಟ್ಟೆ ಒಂದು ಕಡೆ ಮಾತ್ರ ಸವೆದು ಮೆತ್ತಗಾಗಿತ್ತು. ನನ್ನ ಮುಷ್ಟಿ ಅಲ್ಲಿ ಸರಿಯಾಗಿ ಕೂರಲಿಲ್ಲ, ನಿಮ್ಮದು ದೊಡ್ಡದು. ಆ ಒಳಬಟ್ಟೆಯನ್ನೇ ಬಿಡಿಸಿ ತೆಗೆದುಕೊಂಡೆ. ಪಟ್ಟಿಗಳನ್ನು ಎಲ್ಲರೂ ನೋಡಿದ್ದಾರೆ. ಜೇಬಿಗೆ ಹೊಸ ಬಟ್ಟೆ ಹಾಕಿ ಹೊಲಿದಿದ್ದೇನೆ, ಇನ್ನು ಕೈ ಇಟ್ಟುಕೊಳ್ಳಬಹುದು. ಅಂಚನ್ನು ನಾನೇ ಮುಚ್ಚಿದೆ. ಕೊನೆಯ ಗಂಟನ್ನು ದೊಡ್ಡಮ್ಮ ಎರಡು ಸಲ ಎಳೆದು ನೋಡಿದರು, ಬಿಚ್ಚಿಸಲಿಲ್ಲ. ಅವರು ಬಿಚ್ಚಿಸದಿದ್ದರೆ ಚೆನ್ನಾಗಿದೆ ಅಂತ.

ತುರ್ತು ಸಾಹೇಬರು ಮಾತು ಉಳಿಸಿಕೊಂಡರು. ಚೀಲದ ಬಾವುಟ ಉಗ್ರಾಣದಲ್ಲೇ ಇದೆ.

ಶುಕ್ರವಾರ ಅವಳು ಹೊರಟಳು. ಆದದ್ದನ್ನು ಬರೆ ಅಂದಿದ್ದೀರಿ, ಅದಕ್ಕೆ ಬರೆಯುತ್ತೇನೆ. ಮೊದಲು ಚೆನ್ನಾಗಿರಲಿಲ್ಲ. ಗಾಳಿಯೇ ಇರಲಿಲ್ಲ. ವಾದ್ಯದವರು ನುಡಿಸುತ್ತಿದ್ದರು, ದೊಡ್ಡ ದೊಡ್ಡವರು ಬಂದಿದ್ದರು, ಬಾವುಟ ಮಾತ್ರ ಕಂಬಕ್ಕೆ ಅಂಟಿಕೊಂಡು ಒದ್ದೆ ಕೂದಲಿನ ಹಾಗೆ ಕೆಳಗೆ ಬಿದ್ದಿತ್ತು. ಬಾಲ ನೀರಿನಲ್ಲಿ ತೇಲುತ್ತಿತ್ತು. ನನ್ನ ಹಿಂದೆ ಯಾರೋ "ಇಷ್ಟುದ್ದ ಹೊಲಿದಿದ್ದು ಮೀನಿಗಾ?" ಅಂದರು. ನನಗೆ ಅಳು ಬಂತು. ಹಡಗನ್ನು ಎಳೆಯುವ ದೋಣಿಗಳು ಮೆಲ್ಲಗೆ ಹೊರಟವು.

ಬಂದರಿನ ಬಾಯಲ್ಲಿ ಅಲೆ ತಡೆಯುವ ಅಡ್ಡಗೋಡೆ ದಾಟುವಾಗ ಹೊರಗಿನ ಗಾಳಿ ಸಿಕ್ಕಿತು. ಮೊದಲು ತಲೆಯ ಕಡೆ, ನಿಮ್ಮೆಲ್ಲರ ಬಟ್ಟೆ ಇರುವ ಕಡೆ, ಒಂದು ಸಣ್ಣ ಅಲುಗಾಟ. ಆಮೇಲೆ ಅದು ಒಂದೊಂದೇ ಮಡಿಕೆಯಾಗಿ ಏಳುತ್ತಾ ಬಂತು, ಯಾರೋ ನಿದ್ದೆಯಿಂದ ಎದ್ದು ಮೈ ಮುರಿಯುವ ಹಾಗೆ. ಬಾಲ ನೀರಿನಿಂದ ಮೇಲೆ ಬಂದಾಗ ಚಿನ್ನದ ಬುರುಡೆಗಳಿಂದ ನೀರು ಸುರಿಯಿತು. ಆಗ ನಾನು ಅದನ್ನು ಮೊದಲ ಸಲ ಪೂರ್ತಿ ನೋಡಿದೆ. ಇಷ್ಟು ತಿಂಗಳು ಮಡಿಲಿನಲ್ಲಿ ಇಟ್ಟುಕೊಂಡದ್ದು ಅದೇನಾ ಅನ್ನಿಸಿತು. ಹಡಗು ಸಣ್ಣದಾಯಿತು, ಬಾವುಟ ಸಣ್ಣದಾಗಲೇ ಇಲ್ಲ. ಹಡಗು ಕಾಣದಾದ ಮೇಲೂ ಆಕಾಶದಲ್ಲಿ ಒಂದು ಗೆರೆ ಇದ್ದ ಹಾಗಿತ್ತು. ಅದು ಇತ್ತೋ ನನ್ನ ಕಣ್ಣಿನಲ್ಲಿತ್ತೋ ಹೇಳಲಾರೆ. ದೊಡ್ಡಮ್ಮನನ್ನು ಕೇಳಿದೆ. "ನಂಗೂ ಕಾಣ್ತಾ ಇದೆ, ಸುಮ್ನಿರು" ಅಂದರು.

ಇನ್ನು ನಿಮ್ಮನ್ನು ಕೇಳುವುದು ಏನೂ ಉಳಿದಿಲ್ಲ. ಕೇಳುವುದು ಇಲ್ಲದಿದ್ದರೂ ಬರೆಯಬಹುದು ಅಂದುಕೊಂಡಿದ್ದೇನೆ.

ಅಜ್ಜಿ ನಮ್ಮ ಕೋಣೆಯ ಎದುರಿನ ಕಟ್ಟೆಯಲ್ಲೇ ಬೆಳಕಿಗೆ ಅಡ್ಡವಾಗಿ ನಿಂತಿದ್ದಳು. ಈಗ ಅಲ್ಲಿ ಬರೀ ನೀರು, ಅದರ ಬೆಳಕು ನೇರವಾಗಿ ಹೊಲಿಗೆಯ ಮೇಜಿನ ಮೇಲೆ ಬೀಳುತ್ತದೆ. ಕಿಟಕಿಯ ಗಾಜು ಇಷ್ಟು ಕೊಳೆಯಾಗಿತ್ತು ಅಂತ ನಮಗೆ ಗೊತ್ತೇ ಇರಲಿಲ್ಲ. ಇವತ್ತು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಒದ್ದೆ ಬಟ್ಟೆ ಹಿಡಿದು, ಸ್ಟೂಲಿನ ಮೇಲೆ ಹತ್ತಿ ಅದನ್ನು ಒರೆಸಿದೆ.